ಎಣಿಸುವವರು ಏಳಬಾರದು

ಶಿಡ್ಲಘಟ್ಟದಲ್ಲಿ ಚೆನ್ನರಾಯಪ್ಪನವರ ಮನೆ ಯಾವುದು ಎಂದು ಕೇಳಿದರೆ ನಾಲ್ಕು ಜನ ನಾಲ್ಕು ಕಡೆ ಕೈ ತೋರಿಸುತ್ತಾರೆ. ಗೂಡಿನ ಗರಡಿ ಎಲ್ಲಿ ಎಂದು ಕೇಳಿ ನೋಡಿ, ಹಾಲು ತರಲು ಹೊರಟ ಮಗುವೂ ನಿಮ್ಮನ್ನು ಬಾಗಿಲವರೆಗೆ ಬಿಟ್ಟು ಬರುತ್ತದೆ. ಬಾಗಿಲ ಮೇಲೆ ಮಾತ್ರ ಇವತ್ತಿಗೂ 'ಕೆಂಪರಾಜು ಸಿಲ್ಕ್ಸ್' ಎಂಬ ಬೋರ್ಡೇ ಇದೆ. ಅಳಿಸಿ ಬೇರೆ ಬರೆಸಿ ಎಂದು ನಾನೇ ಹತ್ತು ಸಲ ಹೇಳಿದ್ದೇನೆ. "ಜಾಗ ಕೊಟ್ಟೋರ ಹೆಸ್ರು ಅಳಿಸ್ತಾರೇನಮ್ಮ" ಎನ್ನುತ್ತಾರೆ ಚೆನ್ನರಾಯಪ್ಪನವರು, ನಮ್ಮ ಉಸ್ತಾದರು. ಅವರ ಹತ್ತಿರ ವಾದ ಮಾಡುವುದಕ್ಕಿಂತ ನೂರು ಬಸ್ಕಿ ಹೊಡೆಯುವುದು ಸುಲಭ.

ಅದು ಮೊದಲು ರೇಷ್ಮೆ ನೂಲು ತೆಗೆಯುವ ಶೆಡ್ಡು. ಚೆನ್ನರಾಯಪ್ಪನವರು ಅಲ್ಲಿ ಇಪ್ಪತ್ತಾರು ವರ್ಷ ಕುದಿಯುವ ನೀರಿನ ತೊಟ್ಟಿಯ ಮುಂದೆ ನಿಂತು ಗೂಡು ಬೇಯಿಸಿದವರು. ಅವರ ಬೆರಳ ತುದಿಗಳು ಈಗಲೂ ನೆನೆದ ಹುಣಸೆಬೀಜದ ಹಾಗೆ ಸುಕ್ಕುಗಟ್ಟಿ ಬಿಳಿಚಿಕೊಂಡಿವೆ. ಎಂಟು ವರ್ಷದ ಹಿಂದೆ ಮಾಲೀಕ ಕೆಂಪರಾಜು ಕೆಲಸ ನಿಲ್ಲಿಸಿ, ಯಂತ್ರಗಳನ್ನು ಮಾರಿ, "ನಿಂಗೇನು ಬೇಕೋ ಕೇಳಪ್ಪ" ಎಂದಾಗ ಈ ಮನುಷ್ಯ ಕೇಳಿದ್ದು ಖಾಲಿ ಶೆಡ್ಡಿನ ಬೀಗದಕೈ. ಬೆಳಿಗ್ಗೆ ಹೊತ್ತು ಗೂಡಿನ ಮಾರುಕಟ್ಟೆಯಲ್ಲಿ ಕ್ರೇಟು ಹೊರುವುದು, ಸಂಜೆ ಶೆಡ್ಡಿನಲ್ಲಿ ಕೇರಿಯ ಮಕ್ಕಳಿಗೆ ಸಾಮು ಕಲಿಸುವುದು. ಮುದ್ದೇನಹಳ್ಳಿ ಕಡೆಯ ಒಂದು ಕಾಲೇಜಿನವರು ಹಳೆಯದಾಯಿತೆಂದು ತೆಗೆದಿಟ್ಟ ಕಬ್ಬಿಣದ ಸಲಾಕೆ, ತೂಕದ ಬಿಲ್ಲೆಗಳು ಹೇಗೋ ಬಂದು ಸೇರಿದವು. ಮಿಕ್ಕಿದ್ದೆಲ್ಲ ಸಿಮೆಂಟು ತುಂಬಿದ ಎಣ್ಣೆ ಡಬ್ಬಗಳು. ಒಂದು ಗೋಡೆಗೆ ಆಂಜನೇಯ, ಎದುರು ಗೋಡೆಗೆ ಬಾಬಾಸಾಹೇಬರು. ಒಳಗೆ ಬರುವವರು ಮನೆಯಿಂದ ಒಂದು ಹಿಡಿ ಹುರುಳಿಯೋ ಕಡಲೆಯೋ ತಂದು ಹಳೇ ತೊಟ್ಟಿಯ ನೀರಿಗೆ ಹಾಕಬೇಕು. ಸಾಮು ಮುಗಿದ ಮೇಲೆ ಹಿಂದಿನ ದಿನ ನೆನೆದದ್ದನ್ನು ಎಲ್ಲರೂ ಹಂಚಿಕೊಂಡು ತಿನ್ನಬೇಕು. ಯಾರ ಮನೆಯ ಕಾಳು ಯಾರ ಬಾಯಿಗೆ ಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಉಸ್ತಾದರಿಗೆ ಬೇಕಾಗಿದ್ದದ್ದೂ ಅದೇ.

ಇನ್ನೊಂದು ಪದ್ಧತಿ ಇದೆ. ಗೂಡಿನ ಗರಡಿಯಲ್ಲಿ ಯಾರೂ ತಮ್ಮದನ್ನು ತಾವೇ ಎಣಿಸಿಕೊಳ್ಳುವಂತಿಲ್ಲ. ನೀವು ಬಸ್ಕಿ ಹೊಡೆದರೆ ಇನ್ನೊಬ್ಬರು ಎದುರಿಗೆ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಎಣಿಸಬೇಕು. ಎಣಿಸುವವರು ಸಾಕು ಅನ್ನಬಾರದು, ಮಧ್ಯದಲ್ಲಿ ಏಳಬಾರದು. ಮಾಡುವವರು ತಾವಾಗಿ ನಿಂತ ಮೇಲೇ ಎಣಿಸುವವರು ಏಳಬೇಕು. ಫೋನು ಬರಲಿ, ಮಳೆ ಬರಲಿ, ಇದರಲ್ಲಿ ರಿಯಾಯಿತಿ ಇಲ್ಲ.

ನಾನು ಆ ಬಾಗಿಲು ದಾಟಿದಾಗ ನನಗೆ ಹದಿನೈದು. ಅಪ್ಪ ಅಷ್ಟರಲ್ಲಿ ಚಿಂತಾಮಣಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಅವನ ವಿಷಯ ಇಷ್ಟು ಸಾಕು. ಅಮ್ಮ ರೂಪ ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಬಟ್ಟೆ ಕಾರ್ಖಾನೆಗೆ ಸೇರಿ, ಅಲ್ಲೇ ಇಬ್ಬರು ಹೆಂಗಸರ ಜೊತೆ ಒಂದು ರೂಮಿನಲ್ಲಿದ್ದಳು. ಎರಡು ಬಸ್ಸು ಬದಲಾಯಿಸಿ ದಿನಾ ಓಡಾಡುವುದು ಆಗದ ಮಾತು. ಹದಿನೈದು ದಿನಕ್ಕೊಂದು ಭಾನುವಾರ ಬರುತ್ತಿದ್ದಳು, ಸಂಜೆ ಐದರ ಬಸ್ಸಿಗೆ ಹೋಗುತ್ತಿದ್ದಳು, ಅದು ತಪ್ಪಿದರೆ ಅವತ್ತು ರೂಮು ಸೇರುವಂತಿರಲಿಲ್ಲ. ನಾನು ಅಜ್ಜಿ ಆಂಜಿನಮ್ಮನ ಹತ್ತಿರ ಇದ್ದೆ. ಅಮ್ಮ ಬರುವ ಭಾನುವಾರಗಳಲ್ಲೂ ನನಗೆ ನೆಮ್ಮದಿ ಇರಲಿಲ್ಲ. ಅವಳು ಬಂದು ಚಪ್ಪಲಿ ಬಿಟ್ಟ ಕ್ಷಣದಿಂದಲೇ ನಾನು ಐದು ಗಂಟೆಗೆ ಹೆದರಲು ಶುರುಮಾಡುತ್ತಿದ್ದೆ.

ಉಳಿದ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ, ಅಮ್ಮ ಬಂದಿಳಿಯುವ ಚಿಕ್ಕಬಳ್ಳಾಪುರದ ಬಸ್ಸುಗಳನ್ನು ನೋಡುತ್ತಾ ಕೂರುತ್ತಿದ್ದೆ. ಮಂಗಳವಾರ ಅಮ್ಮ ಬರುವುದಿಲ್ಲ ಎಂದು ನನಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಪ್ರತಿ ಬಸ್ಸಿನಿಂದ ಕೊನೆಯವರು ಇಳಿಯುವ ತನಕ ನೋಡುತ್ತಿದ್ದೆ. ಶಾಲೆಯಲ್ಲಿ ಯಾರಾದರೂ "ನಿಮ್ಮಮ್ಮ ಎಲ್ಲೇ?" ಎಂದರೆ ಸಾಕು, ಜಡೆ ಹಿಡಿದು ಜಗಳ. ಎರಡು ಸಲ ಅಜ್ಜಿಯನ್ನು ಶಾಲೆಗೆ ಕರೆಸಿದ್ದರು. ಅಜ್ಜಿ ಅಲ್ಲಿ ಹೆಡ್‌ಮಾಸ್ಟರರಿಗೇ ಬೈದು ಬಂದಿದ್ದಳು, ಅದು ಬೇರೆ ವಿಷಯ.

ಒಂದು ಸಂಜೆ ಉಸ್ತಾದರು ಮಾರುಕಟ್ಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದವರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಮುಂದೆ ನಿಂತರು. "ಬಸ್ಸು ನೀನು ನೋಡಿದ್ರೂ ಬರುತ್ತೆ, ನೋಡ್ದಿದ್ರೂ ಬರುತ್ತೆ ಕಣಮ್ಮ. ನಮ್ಮಲ್ಲಿ ಎಣಿಸೋರು ಕಮ್ಮಿ ಆಗವ್ರೆ. ಬಂದು ಒಂದಿಷ್ಟು ಎಣಿಸಿಕೊಡ್ತೀಯಾ?"

ಬಂದು ವ್ಯಾಯಾಮ ಮಾಡು, ಮೈಗೆ ಒಳ್ಳೆಯದು, ಕೋಪ ಕಡಿಮೆಯಾಗುತ್ತದೆ ಎಂದಿದ್ದರೆ ನಾನು ಹೋಗುತ್ತಿರಲಿಲ್ಲ. ನನ್ನಿಂದ ಏನೋ ಆಗಬೇಕು ಎಂದು ಕೇಳಿದವರು, ಅಮ್ಮ ಕಾರ್ಖಾನೆಗೆ ಹೋದ ಆ ಮೂರು ವರ್ಷದಲ್ಲಿ ಅವರೊಬ್ಬರೇ. ಒಂದು ತಿಂಗಳು ಸ್ಟೂಲಿನ ಮೇಲೆ ಕೂತು ಬರೀ ಎಣಿಸಿದೆ. ಮುನೇಶ್ ಎಂಬ ಉದ್ದನೆಯ ಹುಡುಗ, ಹಣ್ಣಿನಂಗಡಿಯವರ ಮಗ, ತನ್ನ ನಲವತ್ತನ್ನು ಐವತ್ತು ಮಾಡಲು ಹೆಣಗುತ್ತಿದ್ದ. ನಲವತ್ತೇಳಕ್ಕೆ ಅವನ ಕಾಲು ನಡುಗಿದಾಗ ನನ್ನ ದನಿ ತಾನಾಗಿ ಏರಿತು. ಐವತ್ತಾದಾಗ ಅವನು ನೆಲದ ಮೇಲೆ ಬಿದ್ದುಕೊಂಡು ನನ್ನನ್ನು ನೋಡಿ ನಕ್ಕ. ಅವತ್ತು ನಾನು ಬಸ್ ಸ್ಟ್ಯಾಂಡನ್ನು ಮರೆತಿದ್ದೆ. ಮರುದಿನ ಯಾರೂ ಕರೆಯದೆ ಎದ್ದು ಹೋಗಿ ನಡುವೆ ನಿಂತೆ. "ಯಾರಾದ್ರೂ ನಂಗೆ ಎಣಿಸ್ರಪ್ಪ" ಎಂದೆ.

ಅಜ್ಜಿಗೆ ಸುದ್ದಿ ಮುಟ್ಟಿತು. "ಏಮೇ ಇದಿ? ಗಂಡುಡುಗ್ರ ಜೊತೆ ಗರಡೀಗೆ ಹೋಗ್ತಾಳಂತೆ!" ಎಂದು ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು ಜಗಳಕ್ಕೇ ಬಂದಳು. ಉಸ್ತಾದರು ಅವಳಿಗೆ ಸ್ಟೂಲು ಹಾಕಿ, ಮೊರದಲ್ಲಿ ಹುರುಳಿ ಕೊಟ್ಟು, "ಕಲ್ಲು ಆರಿಸಿಕೊಡಮ್ಮ, ಈ ಹುಡುಗ್ರಿಗೆ ಹಲ್ಲು ಹೋಗ್ತವೆ" ಎಂದರು. ಆ ದಿನದಿಂದ ಅಜ್ಜಿಯೂ ಗರಡಿಯವಳೇ. ಅವಳು ಎಣಿಸುವುದು ತೆಲುಗಿನಲ್ಲಿ, ಒಕಟಿ, ರೆಂಡು, ಮೂಡು ಎಂದು. ಇಪ್ಪತ್ತು ದಾಟಿದರೆ ಅವಳಿಗೆ ತಪ್ಪುತ್ತದೆ, ಮತ್ತೆ ಹದಿನೈದಕ್ಕೆ ಬರುತ್ತಾಳೆ. ಅವಳ ಕೈಗೆ ಸಿಕ್ಕಿದವರು ಬೇರೆಯವರಿಗಿಂತ ಬೇಗ ಬಲವಾದರು.

ವರ್ಷ ತಿರುಗುವಷ್ಟರಲ್ಲಿ ನಾನು ಬೇರೆ ಹುಡುಗಿ. ರಾತ್ರಿ ತಲೆ ಇಟ್ಟರೆ ನಿದ್ದೆ. ಶಾಲೆಯಲ್ಲಿ ಅಮ್ಮನ ವಿಷಯ ಕೇಳಿದರೆ "ಕುಡುಮಲಕುಂಟೆ" ಎಂದು ಮುಖ ನೋಡಿ ಹೇಳುತ್ತಿದ್ದೆ, ಕೇಳಿದವರೇ ಮುಖ ತಿರುಗಿಸುತ್ತಿದ್ದರು. ನೆಲದಿಂದ ಸಲಾಕೆಯನ್ನು ತೊಡೆಯವರೆಗೆ ಎತ್ತಿ ನಿಲ್ಲುವ ಡೆಡ್‌ಲಿಫ್ಟು ನನಗೆ ಒಗ್ಗಿತು. ಎಂಬತ್ತು ಕಿಲೋ ಎತ್ತುತ್ತಿದ್ದೆ. ಆದರೆ ಅಮ್ಮ ಅದನ್ನು ಒಂದು ಸಲವೂ ನೋಡಿರಲಿಲ್ಲ. ಅವಳ ಭಾನುವಾರಗಳು ಬಟ್ಟೆ ಒಗೆಯಲಿಕ್ಕೆ, ನನ್ನ ತಲೆ ಬಾಚಲಿಕ್ಕೆ, ಐದರ ಬಸ್ಸಿಗೆ ಮುಗಿದುಹೋಗುತ್ತಿದ್ದವು. ಅಮ್ಮ ಒಂದೇ ಒಂದು ಸಲ ನೋಡಲಿ ಎಂಬುದೊಂದೇ ಆಗ ನನ್ನ ಆಸೆ.

ಒಮ್ಮೆ ನಾನು ಉಸ್ತಾದರನ್ನು ಕೇಳಿದೆ, "ನಿಮ್ಗೆ ಯಾರು ಎಣಿಸ್ತಿದ್ರು ಉಸ್ತಾದ್?"

ಅವರು ಸಲಾಕೆಗೆ ಎಣ್ಣೆ ಒರೆಸುತ್ತಿದ್ದವರು ಬಟ್ಟೆಯನ್ನು ಪಕ್ಕಕ್ಕಿಟ್ಟರು. "ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಒಂದು ಗರಡಿ ಇತ್ತಮ್ಮ. ಕುಸ್ತಿ ಆಡೋಕೆ ಕೆಂಪು ಮಣ್ಣಿನ ಮಟ್ಟಿ, ಅರಿಶಿನ ಎಣ್ಣೆ ಹಾಕಿ ಹದ ಮಾಡ್ತಿದ್ರು. ನಮ್ಮ ಜನ ಆ ಮಣ್ಣು ತುಳಿಯಂಗಿರ್ಲಿಲ್ಲ. ಕಿಟಕಿ ಹೊರಗಡೆ ನಿಂತ್ಕೊಂಡು ಅವ್ರ ಬಸ್ಕಿ ಎಣಿಸ್ತಿದ್ದೆ. ಎಣಿಸೋಕೆ ಯಾರೂ ಬೇಡ ಅನ್ನಲ್ವಲ್ಲ. ಐದಾರು ವರ್ಷ ಎಣಿಸ್ದೆ. ಅವ್ರಲ್ಲಿ ಯಾರು ಎಷ್ಟು ಹೊಡೀತಾರೆ ಅಂತ ಅವ್ರಿಗಿಂತ ನಂಗೆ ಚೆನ್ನಾಗಿ ಗೊತ್ತಿತ್ತು." ಆಮೇಲೆ ನಕ್ಕರು. "ನಾನು ಎಣಿಸ್ದೋನು ಕಣಮ್ಮ, ಎಣಿಸ್ಕೊಂಡೋನಲ್ಲ."

ಮೈಗೆ ಕೆಂಪು ಮಣ್ಣು ಮೆತ್ತಿಕೊಳ್ಳಬೇಕು ಎಂಬ ಆಸೆ ಅವರಿಗೆ ಈಗಲೂ ಇದೆ. ಮಾರುಕಟ್ಟೆ ದಾರಿಯಲ್ಲಿ ಯಾರಾದರೂ ಮನೆಗೆ ಪಾಯ ತೋಡಿ ಕೆಮ್ಮಣ್ಣು ಗುಡ್ಡೆ ಹಾಕಿದ್ದರೆ ಸೈಕಲ್ಲಿಳಿದು ಒಂದು ಹಿಡಿ ಮೂಸಿ ನೋಡುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಅಷ್ಟರಲ್ಲಿ ಗೌರಿಬಿದನೂರಿನಲ್ಲಿ ಜಿಲ್ಲೆಯ ಹುಡುಗ ಹುಡುಗಿಯರಿಗೆ ಡೆಡ್‌ಲಿಫ್ಟ್ ಸ್ಪರ್ಧೆ ಎಂದು ತಿಳಿಯಿತು. ನಮ್ಮ ಗರಡಿಯಿಂದ ಸ್ಪರ್ಧೆಗೆ ಹೋಗುವುದು ಅದೇ ಮೊದಲು. ಗೌರಿಬಿದನೂರು ಎಂದ ಕೂಡಲೇ ನನಗೆ ಪದಕ ಗಿದಕ ಯಾವುದೂ ನೆನಪಾಗಲಿಲ್ಲ. ಅಮ್ಮನ ಕಾರ್ಖಾನೆಯಿಂದ ಆಟೋದಲ್ಲಿ ಬರುವಷ್ಟು ಹತ್ತಿರ. ಫೋನು ಮಾಡಿದೆ. ಐವತ್ತೆರಡು ಕಿಲೋ ಒಳಗಿನ ಹುಡುಗಿಯರದು ಬೆಳಿಗ್ಗೆ ಹತ್ತೂವರೆಗೆ ಎಂದೆ.

"ಹತ್ತೂವರೆಗಾ? ಪರ್ಮಿಷನ್ ಹಾಕ್ತೀನಿ ಮಗ. ಹನ್ನೆರಡಕ್ಕೆ ಮಿಷಿನ್ ಮೇಲಿರ್ಬೇಕು, ಅಷ್ಟೇ. ಅಷ್ಟ್ರಲ್ಲಿ ಆಗೋಗುತ್ತಲ್ವಾ?"

"ಆಗೋಗುತ್ತಮ್ಮ. ಮೊದಲ್ನೇ ಗುಂಪೇ ನಮ್ದು."

ಹಿಂದಿನ ಸಂಜೆ ಉಸ್ತಾದರು ನನ್ನನ್ನು ಗರಡಿಯ ತೂಕದ ಕಾಟಾ ಮೇಲೆ ನಿಲ್ಲಿಸಿದರು. ಶೆಡ್ಡಿನ ಕಾಲದ್ದು ಅದು, ಗಡಿಯಾರದಂಥ ಮುಖ, ಒಂದೇ ಮುಳ್ಳು. ಐವತ್ತೊಂದೂವರೆ. "ಅರ್ಧ ಕಿಲೋ ಮಿಕ್ಕಿದೆ. ಹೊಟ್ಟೆ ತುಂಬ ತಿಂದು ಮಲಗಮ್ಮ" ಎಂದರು. ಅಜ್ಜಿ ಎರಡು ಮುದ್ದೆ, ಮೇಲೆ ಕಾಳುಸಾರು ಬಡಿಸಿದಳು. ನಾನು ಪಾತ್ರೆ ತಳ ಕಾಣಿಸಿಬಿಟ್ಟೆ.

ಬೆಳಿಗ್ಗೆ ಎಂಟಕ್ಕೆ ಗೌರಿಬಿದನೂರಿನ ಆ ಹಾಲ್‌ನಲ್ಲಿ ತೂಕ. ಕಂಪ್ಯೂಟರ್ ತೂಕದ ಮೇಲೆ ನಿಂತೆ. ಐವತ್ತಮೂರೂವರೆ ತೋರಿಸಿತು. ಇಳಿದು ಮತ್ತೆ ಹತ್ತಿದೆ. ಐವತ್ತಮೂರೂವರೆ. ಮೇಜಿನ ಹಿಂದಿದ್ದವರು ಒಳ್ಳೆಯ ಮನುಷ್ಯರೇ, "ಹೋಗ್ಲಿ ಬಿಡಮ್ಮ, ಐವತ್ತೇಳರ ಗುಂಪಿಗೆ ಹಾಕ್ತೀನಿ. ಅವರದು ಊಟ ಆದ್ಮೇಲೆ, ಎರಡು ಗಂಟೆಗೆ" ಎಂದರು.

ನಾನು ಉಸ್ತಾದರ ಮುಖ ನೋಡಿದೆ. ಅವರ ಬಣ್ಣವೇ ಇಳಿದುಹೋಗಿತ್ತು. "ಕ್ರೇಟು" ಎಂದರು. "ಅಯ್ಯೋ, ಕ್ರೇಟು ಕಣಮ್ಮ."

ಗೂಡನ್ನು ಕ್ರೇಟಿನಲ್ಲೇ ತೂಗುವುದು. ಪ್ರತಿ ಸಲ ಖಾಲಿ ಕ್ರೇಟಿನ ಎರಡು ಕಿಲೋ ಕಳೆಯುತ್ತಾ ಕೂರುವವರು ಯಾರು? ಅದಕ್ಕೇ ಹದಿನೈದು ವರ್ಷದ ಹಿಂದೆ, ಖಾಲಿ ಕ್ರೇಟು ಇಟ್ಟರೆ ಮುಳ್ಳು ಸೊನ್ನೆಗೆ ಬರುವ ಹಾಗೆ ಕಾಟಾದ ತಿರುಪನ್ನು ತಿರುಗಿಸಿಟ್ಟಿದ್ದರು. ತಿರುಗಿಸಿದವರು ಇದೇ ಚೆನ್ನರಾಯಪ್ಪ. ಖಾಲಿ ಇದ್ದಾಗ ಮುಳ್ಳು ಸೊನ್ನೆಯ ಪಕ್ಕದ ಒಂದು ಮೊಳೆಗೆ ಒರಗಿ ನಿಲ್ಲುತ್ತಿತ್ತು, ನಾವೆಲ್ಲ ಅದನ್ನೇ ಸೊನ್ನೆ ಎಂದುಕೊಂಡಿದ್ದೆವು. ನಾಲ್ಕು ವರ್ಷದಿಂದ ಗರಡಿಯ ಪ್ರತಿಯೊಬ್ಬರನ್ನೂ ಆ ಕಾಟಾ ಗೂಡೆಂದೇ ತಿಳಿದು, ಇಲ್ಲದ ಕ್ರೇಟನ್ನು ಕಳೆದು ತೂಗುತ್ತಿತ್ತು. ಬೇರೆ ಯಾವ ಊರಿನ ಜಿಮ್ಮಿನಲ್ಲೂ ಇಂಥ ತಪ್ಪು ಆಗಲಿಕ್ಕಿಲ್ಲ.

ಅಮ್ಮ ಹತ್ತೂಕಾಲಿಗೇ ಬಂದಳು. ಕಾರ್ಖಾನೆಯ ನೀಲಿ ಕೋಟಿನ ಮೇಲೆ ಸೆರಗು ಹೊದ್ದು, ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು, ಎಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ ಎಂದು ನೋಡಿ ಮುಂದಿನ ಸಾಲಿನಲ್ಲಿ ಕೂತಳು. ಉಸ್ತಾದರು ಸಂಘಟಕರ ಹತ್ತಿರ ಹೋಗಿ ಕೈ ಮುಗಿದರು, ಈ ಹುಡುಗಿಯನ್ನು ಮೊದಲು ಬಿಡಿ ಎಂದರು, ಇನ್ನೊಬ್ಬರ ಹತ್ತಿರ ಹೋದರು. ಗುಂಪು ಗುಂಪೇ ಎಂದುಬಿಟ್ಟರು ಅವರು. ಅಮ್ಮ ಬೇರೆ ಹುಡುಗಿಯರು ಎತ್ತುವುದನ್ನು ನೋಡಿದಳು. ಪ್ರತಿ ಹುಡುಗಿ ಬಂದಾಗಲೂ ಮುಂದಿನವಳು ನಾನೇ ಇರಬಹುದೆಂದು ಕತ್ತು ಉದ್ದ ಮಾಡುತ್ತಿದ್ದಳು, ನಾನು ವಿಷಯ ಹೇಳಿ ಅವಳ ಪಕ್ಕದಲ್ಲೇ ಕೂತಿದ್ದರೂ. ಹನ್ನೊಂದೂಮುಕ್ಕಾಲಿಗೆ ಎದ್ದಳು. "ಮಗ, ಹೊಟ್ಟೆ ಹಸ್ಕೊಂಡು ಎತ್ಬೇಡ. ಚಿತ್ರಾನ್ನ ಇದೆ" ಎಂದು ಡಬ್ಬಿ ಕೊಟ್ಟಳು. ಬಾಗಿಲ ಹತ್ತಿರ ಒಂದು ಸಲ ನಿಂತಳು. ಆಮೇಲೆ ಆಟೋ ಸದ್ದು ಕೇಳಿಸಿತು.

ನಾನು ಉಸ್ತಾದರ ಮೇಲೆ ಹರಿಹಾಯ್ದೆ. ಎಲ್ಲರೂ ಕೇಳುವ ಹಾಗೆ ಕೂಗಿದೆ. ಕೊನೆಗೆ, ಹೇಳಬಾರದ ಮಾತೂ ಬಂದುಬಿಟ್ಟಿತು. "ಅದಕ್ಕೇ ನಿಮ್ಗೆ ಯಾರೂ ಎಣಿಸ್ಲಿಲ್ಲ!"

ಅವರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮಡಿಚಿ, ಮತ್ತೆ ಬಿಚ್ಚಿ, ಮತ್ತೆ ಮಡಿಚಿದರು. ಆ ಮಾತನ್ನು ಹೇಗಾದರೂ ವಾಪಸ್ ತೆಗೆದುಕೊಳ್ಳಬೇಕು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಎರಡು ಗಂಟೆಗೆ ನನ್ನನ್ನು ಕರೆದರು. ಶಿಡ್ಲಘಟ್ಟದಿಂದ ಟೆಂಪೋದಲ್ಲಿ ನಮ್ಮವರು ಹದಿನಾಲ್ಕು ಜನ ಬಂದಿದ್ದರು, ಅಜ್ಜಿಯೂ ಸೇರಿ. ಸಲಾಕೆಯ ಮೇಲೆ ಎಂಬತ್ತೈದು. ಅಷ್ಟು ನಾನು ಯಾವತ್ತೂ ಎತ್ತಿರಲಿಲ್ಲ. ಬಗ್ಗಿದೆ, ಹಿಡಿದೆ, ಅಳುತ್ತಲೇ ಎಳೆದೆ. ಬೆನ್ನು ನೆಟ್ಟಗಾದ ಕ್ಷಣಕ್ಕೆ ಹಿಂದಿನಿಂದ ಹದಿಮೂರು ಜನ ಒಟ್ಟಿಗೆ "ಒಂದು!" ಎಂದು ಕೂಗಿದರು. ಡೆಡ್‌ಲಿಫ್ಟಿನಲ್ಲಿ ಎಣಿಸಲು ಇರುವುದೇ ಒಂದು. ಆ ಒಂದನ್ನೂ ಅವರು ಬಿಡಲಿಲ್ಲ. ಹಾಲಿನವರೆಲ್ಲ ತಿರುಗಿ ನೋಡಿದರು. ಅಜ್ಜಿ ಒಬ್ಬಳೇ ತಡವಾಗಿ "ಒಕಟಿ" ಎಂದಳು.

ಐದು ಜನರಲ್ಲಿ ನಾಲ್ಕನೆಯವಳಾದೆ. ಮುನೇಶ್ "ಎರಡ್ಕಿಲೋ ಗೂಡು ಜಾಸ್ತಿ ಬಂತಲ್ಲ, ಲಾಭನೇ ಬಿಡು" ಎಂದು ನಗಿಸಲು ನೋಡಿದ. ಉಸ್ತಾದರು ದಾರಿಯುದ್ದಕ್ಕೂ ಡ್ರೈವರ್ ಪಕ್ಕ ಕೂತು ಹಿಂದೆ ತಿರುಗಲಿಲ್ಲ.

ಮೂರು ದಿನ ಅವರು ಗರಡಿಗೆ ಬರಲಿಲ್ಲ, ಮುನೇಶನೇ ಬಾಗಿಲು ತೆಗೆದ. ನಾಲ್ಕನೆಯ ಸಂಜೆ ಬಂದು ತಿರುಪುಳಿ ಹಿಡಿದು ಕಾಟಾ ಸರಿ ಮಾಡುತ್ತಾ ಕೂತರು. ನಾನು ಸ್ಟೂಲನ್ನು ಅವರ ಮುಂದೆ ಎಳೆದು ಕೂತೆ. "ತಪ್ಪಾಯ್ತು ಉಸ್ತಾದ್. ಬನ್ನಿ, ಇವತ್ತು ನಿಮ್ಗೆ ನಾನು ಎಣಿಸ್ತೀನಿ."

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. "ಮಂಡಿ ಬಗ್ಗಲ್ಲ ಕಣಮ್ಮ ಈಗ. ಆ ವಯಸ್ಸು ಹೋಯ್ತು" ಎಂದರು. ನಾನು ಅಲ್ಲೇ ಅತ್ತೆ. ಅವರು ತಿರುಪು ಬಿಗಿಯುವುದನ್ನು ಮುಂದುವರಿಸಿದರು.

ಆ ಮೂರು ದಿನದಲ್ಲಿ ಒಂದು ದಿನ ಅವರು ಗೌರಿಬಿದನೂರಿಗೆ ಹೋಗಿದ್ದರೆಂದು ನನಗೆ ಆಮೇಲೆ ಅಮ್ಮನಿಂದ ತಿಳಿಯಿತು. ಕೆಲಸ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಹತ್ತಿರ ನಿಂತಿದ್ದರಂತೆ. "ನಿಮ್ಮ ಮಗಳದೊಂದು ಎಣಿಕೆ ನನ್ನಿಂದ ನಿಮ್ಗೆ ತಪ್ಪೋಯ್ತು ತಾಯಿ. ಒಂದ್ಸಲ ಗರಡೀಗೆ ಬಂದು ತಗೊಂಡ್ಹೋಗಿ" ಎಂದರಂತೆ.

ಅಮ್ಮನ ಸರದಿಯ ಭಾನುವಾರ ಬಂತು. ಬಟ್ಟೆ ಒಗೆಯುವುದನ್ನು ಅಜ್ಜಿಗೆ ಬಿಟ್ಟು, ಮಧ್ಯಾಹ್ನ ನಾಲ್ಕಕ್ಕೆ ನನ್ನ ಜೊತೆ ಗರಡಿಗೆ ಬಂದಳು. ಐದರ ಬಸ್ಸಿಗೆಂದು ಬ್ಯಾಗನ್ನೂ ತಂದಿದ್ದಳು. ಮೊದಲು ನಾನು ಎಂಬತ್ತೈದು ಎತ್ತಿ ತೋರಿಸಿದೆ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಉಸ್ತಾದರು ಸ್ಟೂಲನ್ನು ಒರೆಸಿ ಅವಳ ಮುಂದಿಟ್ಟರು. "ಕೂತ್ಕೊಳ್ಳಿ ತಾಯಿ. ಬಸ್ಕಿ ಹೊಡೀತಾಳೆ, ಇವತ್ತು ನೀವೇ ಎಣಿಸ್ಬೇಕು. ನಮ್ಮಲ್ಲಿ ಒಂದು ಪದ್ಧತಿ. ಅವಳು ನಿಲ್ಲಿಸೋವರ್ಗೂ ನೀವು ಏಳಂಗಿಲ್ಲ." ಇಷ್ಟು ಹೇಳಿ ಅವರು ಹೊರಗೆ ಹೋದರು.

ಅಮ್ಮ ಬ್ಯಾಗನ್ನು ಕಾಲ ಹತ್ತಿರ ಇಟ್ಟುಕೊಂಡು ಎಣಿಸಿದಳು. ಮೊದಮೊದಲು ನಾಚಿಕೆ, ಮೂವತ್ತರ ಹೊತ್ತಿಗೆ ದನಿ ಬಂತು. ಅರವತ್ತು ನನ್ನ ಯಾವತ್ತಿನ ಲೆಕ್ಕ, ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಾನು ನಿಂತರೆ ಅಮ್ಮ ಏಳುತ್ತಾಳೆ, ಎದ್ದರೆ ಬ್ಯಾಗು ಎತ್ತಿಕೊಳ್ಳುತ್ತಾಳೆ. ಮಧ್ಯೆ ನಿಂತ ಜಾಗದಲ್ಲೇ ಉಸಿರು ತೆಗೆದುಕೊಂಡೆ, ಮತ್ತೆ ಕೂತೆ, ಮತ್ತೆ ಎದ್ದೆ. ಎಂಬತ್ತಕ್ಕೆ ತೊಡೆ ಉರಿಯತೊಡಗಿತು. ತೊಂಬತ್ತರ ಮೇಲೆ ಒಂದೊಂದಕ್ಕೂ ಒಂದು ನಿಮಿಷ ಹಿಡಿಯುತ್ತಿತ್ತು. ಮುನೇಶ್ ನೀರಿನ ಚೊಂಬು ಹಿಡಿದು ನಿಂತಿದ್ದ, ಕೊಡುವುದೋ ಬೇಡವೋ ತಿಳಿಯದೆ. ಗೋಡೆ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಬಸ್ ಸ್ಟ್ಯಾಂಡು ಅಲ್ಲಿಂದ ಎಂಟು ನಿಮಿಷದ ದಾರಿ.

ಅಮ್ಮ ಗಡಿಯಾರ ನೋಡಿದಳು. ನನ್ನ ನಡುಗುವ ಕಾಲು ನೋಡಿದಳು. ನಾನು ಯಾಕೆ ನಿಲ್ಲುತ್ತಿಲ್ಲ ಎಂದು ಆಗ ಅವಳಿಗೆ ಗೊತ್ತಾಯಿತು. ಅವಳ ಕಣ್ಣಲ್ಲಿ ಕಂಡೆ.

ಕಿಟಕಿಯ ಹೊರಗೆ, ಸರಳುಗಳ ಆಚೆ ಉಸ್ತಾದರು ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು. ಅವರೂ ಎಣಿಸುತ್ತಿದ್ದರು.

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅಮ್ಮ ಕೂತಲ್ಲಿಂದಲೇ ಬ್ಯಾಗನ್ನು ಕಾಲಿನಿಂದ ಗೋಡೆಯ ಕಡೆಗೆ ಸರಿಸಿದಳು. ಸ್ಟೂಲಿನ ಮೇಲೆ ಸರಿಯಾಗಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಮುಖವನ್ನೇ ನೋಡುತ್ತಾ, "ನೂರಾ ನಾಕು" ಎಂದಳು.